ಆಫೀಸಿನ ನೆಟ್‌ಗೆ ಐಪಿವಿ6 ಹಾಕಿಸಬಹುದಾ? ಹಾಕಿಸಿದವರು ಹೇಳಿ

ಕೇಳಿದ್ದು ಉಡುಪಿಯಿಂದ: ನಮ್ಮದು ಹನ್ನೆರಡು ಕಂಪ್ಯೂಟರಿನ ಲೆಕ್ಕಪತ್ರದ ಆಫೀಸು. ಅಲ್ಲಿನ ಸಿಸಿಟಿವಿ ಮನೆಯಿಂದ ಕಾಣುವುದಿಲ್ಲ. ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಆನ್ ಮಾಡಿದರೆ ಸರಿಯಾಗ್ತದೆ ಅಂತ ನೆಟ್ ಲೈನಿನವರು ಹೇಳ್ತಾರೆ. ಆಗ ಹಳೆಯ ಐಪಿವಿ4 ನಿಲ್ತದಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮಂಗಳೂರು, ಹಂಪನಕಟ್ಟೆ: ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ಓಡ್ತದೆ, ಹಾಗೇ ಬಿಡಿ. ಮೊದಲು ರೂಟರಿನಲ್ಲಿ ವ್ಯಾನ್ ವಿಳಾಸ (ಲೈನಿನವರು ರೂಟರಿಗೆ ಕೊಟ್ಟದ್ದು) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಒಂದೇ ಹೊರವಿಳಾಸ ನಿಮ್ಮಂಥ ಹಲವು ಗಿರಾಕಿಗಳಿಗೆ ಹಂಚಿಹೋಗಿದೆ ಅಂತ ಅರ್ಥ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ರೂಟರಿನಿಂದ ಕ್ಯಾಮರಾಕ್ಕೆ ತಿರುಗಿಸುವುದು) ಎಷ್ಟು ಮಾಡಿದರೂ ಕ್ಯಾಮರಾ ಸಿಕ್ಕುವುದಿಲ್ಲ. ಇದಕ್ಕೆ ಲೈನಿನವರನ್ನು ಬೈಯಬೇಡಿ ಮಾರಾಯ್ರೇ. ಹಳೆಯ ವಿಳಾಸ ಒಟ್ಟು ಇರುವುದೇ ಸುಮಾರು 430 ಕೋಟಿ, ಅದರ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದಿದೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಹಳೇ ಅಭ್ಯಾಸದಿಂದ, ಬೇಡದ ಸಂಪರ್ಕ ತಡೆಯುವ ಫೈರ್‌ವಾಲಿನಲ್ಲಿ ಹೊರಗಿನಿಂದ ಬರುವ ಐಸಿಎಂಪಿ (ನೆಟ್ಟಿನ ತೊಂದರೆ ತಿಳಿಸುವ ಸಣ್ಣ ಸಂದೇಶಗಳು) ಪೂರ್ತಿ ಬಂದ್ ಮಾಡಿದ್ದೆ. ಸಣ್ಣ ಪುಟಗಳು ತೆರೆಯುತ್ತಿದ್ದವು, ದೊಡ್ಡ ಫೈಲು ಕಳಿಸಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಎರಡು ದಿನ ಹೋಯಿತು. ಐಪಿವಿ6ನಲ್ಲಿ ದಾರಿಮಧ್ಯದ ರೂಟರು ದೊಡ್ಡ ಪ್ಯಾಕೆಟ್ಟನ್ನು (ಡೇಟಾದ ತುಂಡನ್ನು) ಒಡೆಯುವುದಿಲ್ಲ. ‘ಇದು ಹಿಡಿಸುವುದಿಲ್ಲ, ಸಣ್ಣದು ಕಳಿಸು’ ಅಂತ ಕಳಿಸಿದವನಿಗೆ ಐಸಿಎಂಪಿಯಲ್ಲೇ ಹೇಳಿ ಕಳಿಸ್ತದೆ. ಆ ಮಾತನ್ನೇ ನಾನು ತಡೆದಿದ್ದೆ. ನಿಮ್ಮದು ಪಿಪಿಪಿಒಇ ಲೈನಾದರೆ (ರೂಟರು ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವಂಥದ್ದು) ಇನ್ನೂ ಜಾಗ್ರತೆ, ಅಲ್ಲಿ ಒಂದು ಪ್ಯಾಕೆಟ್ಟಿಗೆ ಸಾಮಾನ್ಯವಾಗಿ 1500ರ ಬದಲು 1492 ಬೈಟು ಮಾತ್ರ ಹಿಡಿಯುವುದು.

ಸುರತ್ಕಲ್: ನಿಮ್ಮದು ಲೆಕ್ಕಪತ್ರದ ಆಫೀಸು ಅಂದಿರಿ, ಹಾಗಾಗಿ ಇದನ್ನು ಹೇಳಲೇಬೇಕು. ನಮ್ಮ ಹಳೇ ಬಿಲ್ಲಿಂಗ್ ತಂತ್ರಾಂಶದಲ್ಲಿ ಲಾಗಿನ್ ಆದವರ ಐಪಿ ಬರೆದಿಡುವ ಕಾಲಂ 15 ಅಕ್ಷರದ್ದು. ಹಳೆಯ ವಿಳಾಸಕ್ಕೆ ಅಷ್ಟು ಸಾಕು, ಹೊಸದು 39ರ ತನಕ ಹೋಗ್ತದೆ. ಆನ್ ಮಾಡಿದ ಬೆಳಿಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ, ನೆಟ್ ಮಾತ್ರ ಸರಿಯಾಗಿಯೇ ಇತ್ತು. ತಿಂಗಳ ಕೊನೆಯಲ್ಲಿ, ರಿಟರ್ನ್ ತುಂಬುವ ಗಡಿಬಿಡಿಯಲ್ಲಿ ಖಂಡಿತ ಶುರು ಮಾಡಬೇಡಿ. ಒಂದು ಕಂಪ್ಯೂಟರಿನಲ್ಲಿ ವಾರವಿಡೀ ಓಡಿಸಿ ನೋಡಿ.

ಕುಂದಾಪುರ: ಕ್ಯಾಮರಾ ನನಗೆ ಐಪಿವಿ6ನಿಂದಲೇ ಸಿಕ್ಕಿದ್ದು, ಮೊಬೈಲ್ ನೆಟ್ಟಿನಲ್ಲೂ ಅದು ಇರಬೇಕು ಅಷ್ಟೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗಲೆಲ್ಲ ನಮ್ಮಲ್ಲಿ ವಿಳಾಸದ ಮುಂಭಾಗ ಬದಲಾಗ್ತಿತ್ತು, ಅದಕ್ಕೆ ಡೈನಾಮಿಕ್ ಡಿಎನ್‌ಎಸ್ ಹೆಸರು ಮಾಡಿಕೊಂಡೆ (ವಿಳಾಸ ಬದಲಾದರೂ ಅದೇ ಹೆಸರಿನಿಂದ ಸಿಕ್ತದೆ). ಇನ್ನೊಂದುಂಟು: ಈಗ ಕ್ಯಾಮರಾಕ್ಕೆ ಅದರದ್ದೇ ಸಾರ್ವಜನಿಕ ವಿಳಾಸ. ಒಳಬರುವ ಸಂಪರ್ಕವನ್ನು ಐಪಿವಿ6 ಫೈರ್‌ವಾಲ್ ತಡೀತದಾ ಅಂತ ಮೊದಲು ನೋಡಿ, ಬೇಕಾದ ಒಂದು ಪೋರ್ಟ್ ಮಾತ್ರ ಬಿಡಿ, ಕಂಪನಿಯಿಂದ ಬಂದ ಪಾಸ್‌ವರ್ಡ್ ಅದೇ ದಿನ ಬದಲಿಸಿ.