ಒಂದೂವರೆ ತಿಂಗಳಲ್ಲಿ ಎಂಟು ಹಾಡಿನ ಆಲ್ಬಂ: ಮಾಡಿದವರು ಅನುಭವ ಹೇಳಿ

ಮೈಸೂರಿನಿಂದ ಪ್ರಶ್ನೆ:

ನಮಸ್ಕಾರ. ನಾನು ಹೈಸ್ಕೂಲ್ ಟೀಚರ್, ಕವಿತೆ ಬರೆಯುತ್ತೇನೆ. ನನ್ನ ಗೆಳತಿ ಬ್ಯಾಂಕಿನಲ್ಲಿದ್ದಾಳೆ, ರಾಗ ಹಾಕಿ ಹಾಡುತ್ತಾಳೆ, ಗಿಟಾರ್ ಕೂಡ ನುಡಿಸುತ್ತಾಳೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಎಂಟು ಹಾಡಿನ ಆಲ್ಬಂ ತರಬೇಕು ಅಂತ ಹೊರಟಿದ್ದೇವೆ. ಈಗ ಸೆಪ್ಟೆಂಬರ್ ನಡುಭಾಗ. ಮೂರು ಹಾಡು ಮುಗಿದಿವೆ, ಎರಡು ಅರ್ಧಕ್ಕೆ ನಿಂತಿವೆ. ತಬಲಾ ಮತ್ತು ಕೊಳಲಿಗೆ ಮಾತ್ರ ಹೊರಗಿನವರು ಬರುತ್ತಾರೆ. ಸ್ಟುಡಿಯೋಗೆ ಒಂದು ದಿನದ ದುಡ್ಡಿದೆ, ಉಳಿದದ್ದು ಮನೆಯಲ್ಲೇ ಆಗಬೇಕು. ಶಿಶುನಾಳ ಶರೀಫರ ಒಂದು ಪದ, ಬೇಂದ್ರೆಯವರ ಒಂದು ಕವಿತೆ ಸೇರಿಸುವ ಆಸೆಯೂ ಇದೆ. ಮೊದಲು ಯಾವುದನ್ನು ಹಿಡಿಯಬೇಕು?

ಹುಬ್ಬಳ್ಳಿಯ ಸಂಗೀತ ಸಂಯೋಜಕರೊಬ್ಬರು:

ಮೇಡಂ, ಮೊದಲು ತಬಲಾದವರಿಗೂ ಕೊಳಲಿನವರಿಗೂ ಫೋನ್ ಮಾಡಿ. ಸಾಹಿತ್ಯ ಆಮೇಲೆ. ನವರಾತ್ರಿ ಬಂತು ಅಂದರೆ ಪಕ್ಕವಾದ್ಯದವರು ಯಾರೂ ಕೈಗೆ ಸಿಗುವುದಿಲ್ಲ, ಅದರಲ್ಲೂ ನಿಮ್ಮ ಮೈಸೂರಿನಲ್ಲಿ. ದಸರಾ ಮುಗಿಯುತ್ತಿದ್ದಂತೆ ರಾಜ್ಯೋತ್ಸವದ ಕಾರ್ಯಕ್ರಮಗಳು ಶುರು. ಅದಕ್ಕೇ ನವರಾತ್ರಿಗೆ ಮೊದಲಿನ ಒಂದು ದಿನ ಕೇಳಿ ಗಟ್ಟಿ ಮಾಡಿಕೊಳ್ಳಿ. ನಿಮ್ಮ ನಿಜವಾದ ಗಡುವು ಆ ದಿನವೇ.

ಆಮೇಲೆ ಶ್ರುತಿ. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ, ಸ್ಟುಡಿಯೋದಲ್ಲಿ ಕೂತ ಮೇಲೆ ಗಂಟೆಗಟ್ಟಲೆ ಹೊತ್ತು ತಿನ್ನುತ್ತದೆ. ಹಾಡಿಗೊಂದು ಶ್ರುತಿ ಇಟ್ಟರೆ ತಬಲಾದವರು ಪ್ರತಿ ಹಾಡಿಗೂ ಸುತ್ತಿಗೆ ಹಿಡಿದು ಕೂರಬೇಕು, ಇಲ್ಲವೇ ಬೇರೆ ಬೇರೆ ತಬಲಾ ಹೊತ್ತು ತರಬೇಕು. ಕೊಳಲಿನವರಿಗೂ ಶ್ರುತಿಗೊಂದು ಕೊಳಲು ಬೇಕು. ನಾನೂ ನನ್ನ ಗೆಳೆಯನೂ ಭಾವಗೀತೆಗಳ ಆಲ್ಬಂ ಮಾಡಿದಾಗ ಎಲ್ಲ ಹಾಡನ್ನೂ ಎರಡೇ ಶ್ರುತಿಗೆ ತಂದುಬಿಟ್ಟೆವು. ಒಂದು ಶ್ರುತಿಯ ಹಾಡೆಲ್ಲ ಬೆಳಿಗ್ಗೆ, ಇನ್ನೊಂದರದು ಊಟವಾದ ಮೇಲೆ. ಮಳೆಗಾಲವಾದ್ದರಿಂದ ತಬಲಾದ ಚರ್ಮ ಆಗಾಗ ಇಳಿಯುತ್ತಿತ್ತು, ಆದರೂ ದಿನ ಕೈಬಿಡಲಿಲ್ಲ. ನಿಮ್ಮ ಗೆಳತಿಗೆ ಐದು ಮನೆ ಶ್ರುತಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಿತ ಅಂದುಕೊಳ್ಳಿ. ಅದು ಗಿಟಾರಿನ ಜಿ. ಐದೂವರೆ ಮನೆ ಬೇಕಾದ ಹಾಡಿಗೆ ಮೊದಲ ಫ್ರೆಟ್‌ಗೆ ಕಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಆಯ್ತು, ಬೆರಳು ಬದಲಿಸಬೇಕಿಲ್ಲ.

ಇನ್ನು ಬರೆಯದ ಹಾಡುಗಳ ವಿಷಯ. ನೀವು ಕವಿತೆ ಬರೆಯುವವರು, ಮಾತ್ರೆಯ ನಡೆ, ಅಂದರೆ ಸಾಲಿನಲ್ಲಿ ಎಷ್ಟೆಷ್ಟು ಮಾತ್ರೆಯ ಗುಂಪು ಅನ್ನುವುದು, ಗೊತ್ತಿದ್ದೇ ಇರುತ್ತದೆ. ಬರೆಯಲು ಕೂರುವ ಮೊದಲೇ ನಡೆ ತೀರ್ಮಾನ ಮಾಡಿಕೊಳ್ಳಿ. ನಾಲ್ಕರ ನಡೆ ಕೆಹರವಾ ತಾಳಕ್ಕೆ ಕೂರುತ್ತದೆ, ಮೂರರದು ದಾದ್ರಾಗೆ, ಐದರದು ಝಪ್‌ತಾಳಕ್ಕೆ. ಭಾಮಿನಿ ಷಟ್ಪದಿಯ ಹಾಗೆ ಮೂರು-ನಾಲ್ಕು ಬೆರೆತರೆ ತಬಲಾದಲ್ಲಿ ಏಳು ಮಾತ್ರೆಯ ರೂಪಕ. ಅವಸರದಲ್ಲಿ ಬರೆದಾಗ ಎಲ್ಲವೂ ನಾಲ್ಕರ ನಡೆಗೇ ಬಂದು ಬೀಳುತ್ತವೆ, ಎಂಟೂ ಹಾಡು ಒಂದೇ ಹಾಡಿನ ಹಾಗೆ ಕೇಳಿಸುತ್ತವೆ. ಈಗಿರುವ ಮೂರು ಹಾಡು ಯಾವ ನಡೆಯಲ್ಲಿವೆ ನೋಡಿ, ಮುಂದಿನದನ್ನು ಬೇರೆ ನಡೆಗೆ ಬರೆಯಿರಿ. ರಾಗ ಮೊದಲು ಹುಟ್ಟಿದರೆ ಗೆಳತಿ ಡಮ್ಮಿ ಸಾಹಿತ್ಯ ಹಾಕಿ ಫೋನಿನಲ್ಲಿ ಹಾಡಿ ಕಳಿಸಲಿ. ಅದರ ಮೇಲೆ ಬರೆಯುವುದು ಸುಲಭ.

ಒಂದು ದಿನ ಗುರುತು ಹಾಕಿ, ಆಮೇಲೆ ಹೊಸ ಹಾಡು ಬರೆಯಬೇಡಿ. ಎಷ್ಟಾಗಿದೆಯೋ ಅಷ್ಟನ್ನೇ ಚೆನ್ನಾಗಿ ಹಾಡಿ. ಬಾಯಿಗೆ ಕೂತಿರದ ಹಾಡನ್ನು ರೆಕಾರ್ಡ್ ಮಾಡಿದರೆ ಕೇಳುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನ ರೆಕಾರ್ಡಿಂಗ್ ಎಂಜಿನಿಯರ್ ಒಬ್ಬರು:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಹೌದು. ನನ್ನ ಸಲಹೆ, ಸ್ಟುಡಿಯೋದ ದಿನವನ್ನು ತಬಲಾ ಮತ್ತು ಕೊಳಲಿಗೆ ಇಡಿ. ದನಿಯನ್ನು ಮನೆಯಲ್ಲೇ ತೆಗೆಯಿರಿ. ತಬಲಾಕ್ಕೆ ಒಳ್ಳೆಯ ಕೋಣೆ ಬೇಕೇ ಬೇಕು, ನುಡಿಸುವವರು ಅನುಭವಸ್ಥರಾದ್ದರಿಂದ ಕೆಲಸ ಬೇಗ ಆಗುತ್ತದೆ. ಹಾಡುವವರಿಗೆ ಮಾತ್ರ ಗಡಿಯಾರ ನೋಡಿಕೊಂಡು ಹಾಡುವ ಕಷ್ಟ ಬೇಡ. ಆ ಒತ್ತಡ ದನಿಯಲ್ಲಿ ಕೇಳುತ್ತದೆ.

ಆದರೆ ಸ್ಟುಡಿಯೋಗೆ ಹೋಗುವ ಮೊದಲು ಪ್ರತಿ ಹಾಡಿನ ಗೈಡ್ ಟ್ರ್ಯಾಕ್ ಸಿದ್ಧವಿರಬೇಕು. ಅಂದರೆ ಕ್ಲಿಕ್ (ಲಯ ತೋರುವ ಟಿಕ್ ಟಿಕ್ ಸದ್ದು) ಜೊತೆ ಗಿಟಾರ್ ಮತ್ತು ಒಂದು ಕಚ್ಚಾ ಹಾಡುಗಾರಿಕೆ. ಎಲ್ಲ ಫೈಲುಗಳೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಆಮೇಲೆ ಜೋಡಿಸುವಾಗ ಪರದಾಟ ಇರುವುದಿಲ್ಲ. ರೆಕಾರ್ಡಿಂಗ್ ಸೆಟ್ಟಿಂಗ್ ಮನೆ, ಸ್ಟುಡಿಯೋ ಎರಡೂ ಕಡೆ 24 ಬಿಟ್, 48 ಕಿಲೋಹರ್ಟ್ಸ್ ಅಂತ ಒಂದೇ ಇಡಿ. ಮೀಟರ್ ಜೋರಾದಾಗಲೂ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು, ಕೆಂಪಿಗೆ ಹೋಗಬಾರದು.

ಮನೆಯಲ್ಲಿ ಹಾಡುವಾಗ ಫ್ಯಾನ್, ಫ್ರಿಜ್ ಎರಡೂ ಆರಿಸಿ. ಕಂಡೆನ್ಸರ್ ಮೈಕಿಗೆ ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಕೇಳುತ್ತದೆ. ಕೋಣೆ ಸರಿ ಇಲ್ಲದಿದ್ದರೆ ಎಸ್‌ಎಂ 58ರಂಥ ಡೈನಮಿಕ್ ಮೈಕ್ ಬಾಯಿಗೆ ಹತ್ತಿರ ಇಟ್ಟುಕೊಂಡು ಹಾಡುವುದೇ ಮೇಲು. ಬಟ್ಟೆ ತುಂಬಿದ ಬೀರು ತೆರೆದಿಟ್ಟು, ಬೆನ್ನ ಹಿಂದೆ ದಪ್ಪ ರಜಾಯಿ ಕಟ್ಟಿ. ಗುಂಯ್ ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಅದೇ ಕಾರಣ. ಗಣೇಶನ ಪೆಂಡಾಲಿನ ಮೈಕ್ ಬೀದಿಯಲ್ಲಿದ್ದರೆ ರಾತ್ರಿ ಅದು ನಿಲ್ಲುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಗಂಟಲಿಗೆ ಕಷ್ಟ ಕೊಡುವ ಹಾಡನ್ನು ಕೊನೆಗಿಡಿ. ಬೀಟಲ್ಸ್ ತಮ್ಮ ಮೊದಲ ಎಲ್‌ಪಿಯ 14 ಹಾಡುಗಳಲ್ಲಿ 10 ಹಾಡನ್ನು 1963ರ ಫೆಬ್ರವರಿ 11ರಂದು, ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಒಂದೇ ದಿನ ಮುಗಿಸಿದರು. ಲೆನನ್‌ಗೆ ಆ ದಿನ ನೆಗಡಿ. ಕಿರುಚಿ ಹಾಡುವ ಹಾಡನ್ನು ಬೇಕೆಂದೇ ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದರು. ಅಷ್ಟು ಬೇಗ ಆಗಿದ್ದು ಯಾಕೆಂದರೆ ವೇದಿಕೆಯಲ್ಲಿ ಹಾಡಿ ಹಾಡಿ ಪಳಗಿದ್ದರು. ನೀವೂ ರೆಕಾರ್ಡಿಂಗ್‌ಗೆ ಮೊದಲು ಮನೆಯವರ ಮುಂದೆ, ಸ್ಟಾಫ್ ರೂಮಿನಲ್ಲಿ, ಎಲ್ಲಾದರೂ ಸರಿ, ಪೂರ್ತಿ ಹಾಡುಗಳನ್ನು ಹಾಡಿಬಿಡಿ.

ಅಮೆರಿಕದ ಟೆಕ್ಸಸ್‌ನಿಂದ ಒಬ್ಬರು:

ಇಲ್ಲಿ ಆರ್‌ಪಿಎಂ ಚಾಲೆಂಜ್ ಅಂತ ಒಂದಿದೆ, 2006ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುರುವಾದದ್ದು. ಫೆಬ್ರವರಿ ಒಂದೇ ತಿಂಗಳಲ್ಲಿ 10 ಹಾಡು ಅಥವಾ 35 ನಿಮಿಷದ ಆಲ್ಬಂ ರೆಕಾರ್ಡ್ ಮಾಡಬೇಕು. ನಾನೂ ಇನ್ನೊಂದು ಊರಿನಲ್ಲಿರುವ ಗೆಳೆಯನೂ ಕನ್ನಡ ಹಾಡುಗಳನ್ನು ಹಾಗೇ ಮಾಡಿದೆವು. ನನಗೆ ಆ "ಅಥವಾ" ತುಂಬಾ ಸಹಾಯ ಮಾಡಿತು. ಹಾಡಿನ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿದರೆ ಅರ್ಧಕ್ಕೆ ನಿಂತ ಹಾಡನ್ನು ಬಿಡುವ ಧೈರ್ಯ ಬರುತ್ತದೆ. ಆರು ಹಾಡು ಐದೈದು ನಿಮಿಷ ಆದರೂ ಅರ್ಧ ಗಂಟೆ ಆಯ್ತಲ್ವಾ?

ಇನ್ನೊಂದು: ಫೈಲಿಗೆ "ಕೊನೆಯದು" ಅಂತ ಹೆಸರಿಡಬೇಡಿ. ಹಾಡಿನ ಹೆಸರು ಮತ್ತು ತಾರೀಖು, ಅಷ್ಟೇ. ಪ್ರತಿ ರಾತ್ರಿ ಬೇರೆ ಡಿಸ್ಕಿಗೆ ಒಂದು ಪ್ರತಿ.

ಧಾರವಾಡದ ವಕೀಲೆಯೊಬ್ಬರು:

ಬೇಂದ್ರೆ ಕವಿತೆಯ ಬಗ್ಗೆ ಹೇಳಲೇಬೇಕು. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ 2041ರ ಕೊನೆವರೆಗೆ ಅನುಮತಿ ಬೇಕು. ಹಕ್ಕು ಇರುವವರಿಗೆ ಇಂದೇ ಪತ್ರ ಬರೆಯಿರಿ. ಅಕ್ಟೋಬರ್ ಮೊದಲ ವಾರದೊಳಗೆ ಬರಹದಲ್ಲಿ ಒಪ್ಪಿಗೆ ಬರದಿದ್ದರೆ ಆ ಹಾಡನ್ನು ಮುಂದಿನ ಆಲ್ಬಂಗೆ ಇಟ್ಟುಕೊಳ್ಳಿ. ಶರೀಫರು 1889ರಲ್ಲೇ ಹೋದವರು, ಅವರ ಪದಕ್ಕೆ ತೊಂದರೆ ಇಲ್ಲ. ಆದರೆ ಕ್ಯಾಸೆಟ್ಟಿನಿಂದ ಜನಪ್ರಿಯವಾದ ಧಾಟಿಗೆ ಸಂಯೋಜಕರ ಹಕ್ಕು ಬೇರೆ ಇರುತ್ತದೆ. ಗೆಳತಿಯೇ ಹೊಸ ಧಾಟಿ ಹಾಕಲಿ.

ನಿಮ್ಮಿಬ್ಬರ ನಡುವೆಯೂ ಒಂದು ಹಾಳೆ ಬರೆದಿಡಿ: ಸಾಹಿತ್ಯ ಯಾರದು, ಸಂಗೀತ ಯಾರದು, ಬಂದ ದುಡ್ಡಲ್ಲಿ ಯಾರಿಗೆ ಎಷ್ಟು, ತಬಲಾದವರಿಗೆ ಕೊಟ್ಟದ್ದೆಷ್ಟು. ಸ್ನೇಹ ಗಟ್ಟಿಯಾಗಿದೆ ಅಂತಲೇ ಈಗ ಬರೆಯುವುದು ಸುಲಭ.

ಮೈಸೂರಿನಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಬಲಾದವರಿಗೆ ಫೋನ್ ಮಾಡಿದೆವು, ನವರಾತ್ರಿಗೆ ಮುಂಚಿನ ಭಾನುವಾರ ಬರುತ್ತಾರೆ. ಇನ್ನೊಂದು ಕೇಳಲೇ? ಒಂದು ಪದ ಬದಲಿಸು ಅಂತ ಅವಳು, ರಾಗ ಬದಲಿಸು ಅಂತ ನಾನು. ಹೀಗೇ ಸಂಜೆಗಳು ಕಳೆಯುತ್ತಿವೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಶಿವಮೊಗ್ಗದಿಂದ ಒಬ್ಬ ಗಾಯಕಿ:

ಅಕ್ಕ, ನಾವು ಹಾಡುಗಳನ್ನು ಹಂಚಿಕೊಂಡೆವು. ಈ ನಾಲ್ಕಕ್ಕೆ ನಿನ್ನದೇ ಕೊನೆ ಮಾತು, ಆ ನಾಲ್ಕಕ್ಕೆ ನನ್ನದು. ಸಲಹೆ ಎಷ್ಟು ಬೇಕಾದರೂ ಕೊಡಬಹುದು, ತೀರ್ಮಾನ ಒಬ್ಬರದೇ. ಒಂದು ವಿಷಯದಲ್ಲಿ ಮಾತ್ರ ಹಾಡುವವರ ಮಾತು ನಡೆಯಬೇಕು. ಮೇಲಿನ ಷಡ್ಜದಲ್ಲಿ (ಮೇಲಿನ "ಸ") ಎಳೆದು ನಿಲ್ಲುವ ಕಡೆ "ಇ", "ಉ" ಬಂದರೆ ಗಂಟಲು ಬಿಗಿಯುತ್ತದೆ, "ಆ" ಇದ್ದರೆ ತೆರೆಯುತ್ತದೆ. ಅಂಥ ಕಡೆ ಅವರು ಪದ ಬದಲಿಸಿ ಅಂದರೆ ದಯವಿಟ್ಟು ಬದಲಿಸಿಕೊಡಿ.

ಬೆಂಗಳೂರಿನ ಎಂಜಿನಿಯರ್ ಮತ್ತೆ:

ಒಂದು ಬಿಟ್ಟುಹೋಯಿತು. ಹಾಡು ಆನ್‌ಲೈನ್‌ಗೆ ಹೋಗುವುದು ಡಿಸ್ಟ್ರಿಬ್ಯೂಟರ್ (ಸ್ಪಾಟಿಫೈಯಂಥ ಕಡೆಗೆ ಹಾಡು ತಲುಪಿಸುವ ಕಂಪನಿ) ಮೂಲಕ. ಸ್ಪಾಟಿಫೈಯಲ್ಲಿ ಅವರ ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಕೇಳಿಕೊಳ್ಳುವುದಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಹಾಡು ಅಲ್ಲಿ ಇರಬೇಕು. ಹಾಗಾಗಿ ಅಕ್ಟೋಬರ್ 15ರ ಹೊತ್ತಿಗೆ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು), ಮಾಸ್ಟರ್ (ಬಿಡುಗಡೆಗೆ ಕೊನೆಯ ಹದ ಕೊಡುವುದು) ಎರಡೂ ಮುಗಿದಿರಲಿ. ಮುಖಪುಟದ ಚಿತ್ರ 3000 ಪಿಕ್ಸೆಲ್ ಚೌಕದಲ್ಲಿ ಬೇಕು, ಅದನ್ನು ಈ ವಾರವೇ ಯಾರಿಗಾದರೂ ವಹಿಸಿ. ಅಷ್ಟರಲ್ಲಿ ಎಂಟೂ ಮುಗಿಯದಿದ್ದರೆ ಮುಗಿದಷ್ಟನ್ನು ಕಳಿಸಿ, ಉಳಿದ ಹಾಡುಗಳನ್ನು ಸಂಕ್ರಾಂತಿಗೆ ಬಿಡಿ.