ಮಧ್ಯಾಹ್ನವಾದರೆ ಡೆಸ್ಕ್‌ಟಾಪ್ ಹ್ಯಾಂಗ್ ಆಗುತ್ತದೆ, ಫಾರ್ಮ್ಯಾಟ್ ಮಾಡಲೇಬೇಕಾ?

ಡಿಟಿಪಿ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಬ್ಯಾನರ್, ಎಲ್ಲ ಕೆಲಸಕ್ಕೂ ಇರೋದು ಒಂದೇ ಸಿಸ್ಟಮ್. ನಾಲ್ಕನೇ ಜನರೇಷನ್ ಐ3, 4 ಜಿಬಿಯ ಎರಡು ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಬೆಳಿಗ್ಗೆ ಚೆನ್ನಾಗೇ ಇರುತ್ತದೆ. ಬಿಸಿಲೇರಿದ ಮೇಲೆ ಕೋರೆಲ್‌ಡ್ರಾದಲ್ಲಿ ದೊಡ್ಡ ಫೈಲ್ ತೆಗೆದರೆ ಸಾಕು, ನಿಂತುಬಿಡುತ್ತದೆ. ಒಮ್ಮೊಮ್ಮೆ ಒಂದೆರಡು ನಿಮಿಷ ಕಾದರೆ ತಾನೇ ಸರಿಹೋಗುತ್ತದೆ, ಒಮ್ಮೊಮ್ಮೆ ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು. ರಿಪೇರಿಗೆ ಒಯ್ದರೆ ಡಬ್ಬ ಬಿಚ್ಚಿಯೂ ನೋಡದೆ ಫಾರ್ಮ್ಯಾಟ್ ಹೊಡೆಯೋಣ ಅಂದರು. ಗ್ರಾಹಕರ ಹಳೇ ನುಡಿ ಫೈಲ್‌ಗಳೆಲ್ಲ ಅದರಲ್ಲೇ ಇವೆ, ಹಾಗಾಗಿ ವಾಪಸ್ ತಂದೆ. ಮೊದಲು ಏನು ನೋಡಲಿ?

ವಿದ್ಯಾನಗರ ಹುಡುಗ:

ಅಣ್ಣಾ, ವೈರಸ್ ಇರಬಹುದು. ಹೊಸದಾಗಿ ವಿಂಡೋಸ್ ಹಾಕಿಸಿ, ಸರಿಹೋಗುತ್ತದೆ.

ದುರ್ಗದ ಟೆಕ್ನಿಷಿಯನ್:

ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಬೇಡಿ ಸರ್. ವೈರಸ್ ಆಗಿದ್ದರೆ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಮಾತ್ರ ಯಾಕೆ ಕಾಡುತ್ತದೆ? ನೀವು ಹೇಳಿದ್ದರಲ್ಲೇ ಎರಡು ಬೇರೆ ಬೇರೆ ಸುಳಿವು ಇವೆ. ಬಿಸಿಲಿಗೆ ಜಾಸ್ತಿಯಾಗುವುದು ಒಂದು, ಸ್ವಲ್ಪ ಹೊತ್ತು ಕಾದರೆ ತಾನೇ ಬಿಟ್ಟುಕೊಳ್ಳುವುದು ಇನ್ನೊಂದು.

ಮುಂದಿನ ಸಲ ನಿಂತಾಗ ಬಟನ್‌ಗೆ ಕೈ ಹಾಕುವ ಮುಂಚೆ ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಮ್ ಪೂರ್ತಿ ಸತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ, ಹೆಚ್ಚಾಗಿ ಡಿಸ್ಕ್‌ಗೆ. ಆಗ ಕ್ಯಾಬಿನೆಟ್ ಮುಂದಿನ ಹಾರ್ಡ್ ಡಿಸ್ಕ್ ದೀಪ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಕ್ಯಾಪ್ಸ್ ಲಾಕ್ ದೀಪವೂ ಅಲ್ಲಾಡದಿದ್ದರೆ ರ‍್ಯಾಮ್, ಬೋರ್ಡ್, ಬಿಸಿ, ಪವರ್ ಇವುಗಳ ಕಡೆ ನೋಡಬೇಕು.

ಆಮೇಲೆ ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗ್ ನೋಡಿ. ಕರ್ನಲ್ ಪವರ್ 41 ಅಂತ ಕಂಡರೆ ಗಾಬರಿ ಬೇಡ, ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಅದರ ಅರ್ಥ, ಬಟನ್ ಒತ್ತಿ ಆಫ್ ಮಾಡಿದರೆ ಅದು ಬಂದೇ ಬರುತ್ತದೆ. ಡಿಸ್ಕ್ ಹೆಸರಲ್ಲಿ ಈವೆಂಟ್ ಐಡಿ 7 ಅಥವಾ 153 ಇದೆಯಾ ಹುಡುಕಿ. 7 ಅಂದರೆ ಕೆಟ್ಟ ಬ್ಲಾಕ್ ಸಿಕ್ಕಿದೆ, 153 ಅಂದರೆ ಓದುವ ಬರೆಯುವ ಕೆಲಸ ಒಮ್ಮೆಗೆ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು ಅಂತ. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಸಾಫ್ಟ್‌ವೇರ್ ಕೂಡ ಹಾಕಿಕೊಳ್ಳಿ, ಉಚಿತ. ಅದರಲ್ಲಿ 05, ಸಿ5, ಸಿ6 ಸಾಲುಗಳ ಕೊನೆಯ ಕಾಲಂನಲ್ಲಿ ಪೂರ್ತಿ ಸೊನ್ನೆ ಇರಬೇಕು. ಸಿ7 ಮಾತ್ರ ಏರುತ್ತಾ ಹೋದರೆ ಹೆಚ್ಚಾಗಿ ಡಿಸ್ಕ್ ತಪ್ಪಲ್ಲ, ಸಾಟಾ ಕೇಬಲ್ ತಪ್ಪು, ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ.

ಮಂಡಿಪೇಟೆ ಅಕೌಂಟ್ಸ್:

ಭಟ್ಟಿ ಹತ್ತಿರ ಅಂದಿರಲ್ಲ, ಒಳಗೆ ಮಸಿ ಎಷ್ಟಿದೆ ನೋಡಿದ್ದೀರಾ? ಅಲ್ಲಿ ಬರೀ ಧೂಳು ಕೂರುವುದಿಲ್ಲ, ಹೊಗೆಯ ಜಿಡ್ಡೂ ಸೇರಿ ಪ್ರೊಸೆಸರ್ ಬಿಸಿ ಎಳೆಯುವ ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಗಟ್ಟಿಯಾಗಿಬಿಡುತ್ತದೆ. ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿ ಕೆಳಗೆ ಇಳಿಯುವುದೇ ಇಲ್ಲ. ಪ್ಲಗ್ ಕಿತ್ತು, ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಪೆನ್ಸಿಲ್‌ನಿಂದ ತಡೆದುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳು. ಜಿಡ್ಡು ಹೋಗದಿದ್ದರೆ ಹೀಟ್‌ಸಿಂಕ್ ಬಿಚ್ಚಿ ಬ್ರಶ್ ಹಾಕಿ. ಬಿಚ್ಚಿದ ಮೇಲೆ ಹಳೇ ಪೇಸ್ಟ್ ಒರೆಸಿ ಹೊಸ ಥರ್ಮಲ್ ಪೇಸ್ಟ್ ಹಚ್ಚಲೇಬೇಕು. ಇಂಟೆಲ್ ಕೂಲರ್ ಆದರೆ ಅದರ ನಾಲ್ಕು ಪಿನ್‌ಗಳೂ ಬೋರ್ಡ್ ಹಿಂದೆ ಪೂರ್ತಿ ದಾಟಿವೆಯಾ ಅಂತ ನೋಡಿ, ಒಂದು ಸಡಿಲ ಇದ್ದರೂ ಬಿಸಿ ಇಳಿಯುವುದಿಲ್ಲ.

ಹಾಗೇ ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಸಪ್ಲೈ ಡಬ್ಬ, ಒಮ್ಮೆ ಬದಲಿಸಿ ನೋಡಿ. ನಮ್ಮ ಕಡೆ ಕರೆಂಟ್ ಗೊತ್ತಲ್ವಾ.

ದುರ್ಗದ ಟೆಕ್ನಿಷಿಯನ್:

ಮಸಿ ವಿಷಯ ಸರಿಯಾಗಿ ಹೇಳಿದಿರಿ. ಎಸ್‌ಎಂಪಿಎಸ್‌ಗೆ ಮಾತ್ರ ಈಗಲೇ ದುಡ್ಡು ಹಾಕಬೇಡಿ ಅಂತೀನಿ. ಅದು ಸೋತರೆ ಹೆಚ್ಚಾಗಿ ಫಟ್ಟಂತ ಆಫ್ ಆಗುತ್ತದೆ ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ನಿಂತು ಮತ್ತೆ ತಾನೇ ಚಾಲೂ ಆಗುವುದು ಅದರ ಲಕ್ಷಣ ಅಲ್ಲ.

ಡಿಟಿಪಿ ದಾವಣಗೆರೆ:

ನೀವೆಲ್ಲ ಹೇಳಿದ್ದು ನೋಡಿದೆ. ಹೀಟ್‌ಸಿಂಕ್ ಒಳಗೆ ಕಪ್ಪಗೆ ಮೆತ್ತಿಕೊಂಡಿತ್ತು, ಬೆಳಕೂ ಕಾಣುತ್ತಿರಲಿಲ್ಲ. ತೆಗೆಯುವ ಮುಂಚೆ ಕೋರೆಲ್ ಓಡುವಾಗ ಪ್ರೊಸೆಸರ್ 96 ಡಿಗ್ರಿ ತೋರಿಸುತ್ತಿತ್ತು, ಈಗ 65ರ ಸುತ್ತ ಇದೆ. ಕೆಲಸದ ವೇಗವೂ ಜಾಸ್ತಿಯಾಗಿದೆ.

ಆದರೆ ಹ್ಯಾಂಗ್ ಪೂರ್ತಿ ಹೋಗಿಲ್ಲ. ಇವತ್ತು ಮತ್ತೆ ನಿಂತಾಗ ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿತ್ತು, ಡಿಸ್ಕ್ ದೀಪ ಒಂದೇ ಸಮ ಉರಿಯುತ್ತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ಸಿ5, ಸಿ6 ಎರಡರಲ್ಲೂ ಅಂಕಿ ಇದೆ, ಸಿ7 ಸೊನ್ನೆ. ಡಿಸ್ಕ್ ತಪ್ಪು ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲಾ?

ದುರ್ಗದ ಟೆಕ್ನಿಷಿಯನ್:

ಬೇಡ, ಬ್ಯಾಕಪ್ ಆಗುವ ತನಕ ಬೇಡವೇ ಬೇಡ. ಚೆಕ್‌ಡಿಸ್ಕ್‌ನ ಆರ್ ಪರೀಕ್ಷೆ ಡಿಸ್ಕ್ ಪೂರ್ತಿ ಉಜ್ಜುತ್ತದೆ, ಮೊದಲೇ ಸೋತಿರುವ ಡಿಸ್ಕ್ ಅದರಲ್ಲೇ ಕೈಕೊಡಬಹುದು. ಸಿ5 ಅಂದರೆ ಓದಲು ಕಷ್ಟವಾಗಿ ಬಾಕಿ ಉಳಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಚಿಕ್ಕ ಚಿಕ್ಕ ಜಾಗಗಳು. ನಿಮ್ಮ ಫೈಲ್ ಅಂಥ ಜಾಗದಲ್ಲಿ ಸಿಕ್ಕಿಕೊಂಡಾಗ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ, ಅಷ್ಟು ಹೊತ್ತು ವಿಂಡೋಸ್ ಕಾಯುತ್ತದೆ. ಇದೇ ನಿಮ್ಮ ಹ್ಯಾಂಗ್. ಅವತ್ತು ಇದೇ ಡಿಸ್ಕ್ ಮೇಲೆ ಫಾರ್ಮ್ಯಾಟ್ ಮಾಡಿಸಿದ್ದರೆ ಫೈಲ್‌ಗಳೂ ಹೋಗುತ್ತಿದ್ದವು, ತೊಂದರೆಯೂ ಉಳಿಯುತ್ತಿತ್ತು.

ಈಗ ಬೇರೆ ಕೆಲಸ ನಿಲ್ಲಿಸಿ, ಬೇಕೇಬೇಕಾದ ಫೈಲ್‌ಗಳನ್ನು ಮೊದಲು ಹೊರಗಿನ ಡಿಸ್ಕ್‌ಗೆ ಹಾಕಿಕೊಳ್ಳಿ. ಯಾವುದಾದರೂ ಒಂದರಲ್ಲಿ ಕಾಪಿ ನಿಂತರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಮರೆಯಬೇಡಿ. ನಿಮ್ಮ ಹಳೇ ನುಡಿ ಫೈಲ್‌ಗಳು ಯೂನಿಕೋಡ್ ಅಲ್ಲದಿದ್ದರೆ, ಆ ಫಾಂಟ್ ಇಲ್ಲದೆ ತೆಗೆದಾಗ ಕನ್ನಡದ ಬದಲು ಏನೇನೋ ಗುರುತು ಕಾಣುತ್ತವೆ.

ಆಮೇಲೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ. ಹಳೇ ಡಿಸ್ಕ್ ಇದ್ದ ಹಾಗೇ ನಕಲು ಮಾಡುವ ಕ್ಲೋನ್ ಬೇಡ, ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ಅರ್ಧಕ್ಕೇ ನಿಲ್ಲಬಹುದು.

ಡಿಟಿಪಿ ದಾವಣಗೆರೆ:

ಕಾಪಿ ಹಚ್ಚಿದ್ದೇನೆ ಸರ್, ಈ ವರ್ಷದ ಪತ್ರಿಕೆಗಳೆಲ್ಲ ಬಂದವು, ಫಾಂಟ್‌ಗಳೂ ಬಂದವು. ಎಸ್‌ಎಸ್‌ಡಿಗೆ ನಾಳೆ ಹೇಳುತ್ತೇನೆ. ತುಂಬಾ ಉಪಕಾರವಾಯಿತು. ಹಳೇ ಡಿಸ್ಕ್ ಬ್ಯಾಕಪ್‌ಗೆ ಅಂತ ಒಳಗೇ ಬಿಡಬಹುದಾ?

ದುರ್ಗದ ಟೆಕ್ನಿಷಿಯನ್:

ಬಿಡಬೇಡಿ. ಒಳಗಿದ್ದರೆ ವಿಂಡೋಸ್ ಅದನ್ನು ಮುಟ್ಟಿದಾಗೆಲ್ಲ ಮತ್ತೆ ಅದೇ ಕಾಯುವಿಕೆ ಶುರುವಾಗಬಹುದು. ಕೇಬಲ್ ಎರಡೂ ಕಿತ್ತು ಹೊರಗಿಡಿ. ಎಲ್ಲ ಫೈಲ್ ತೆರೆದು ನೋಡಿ ಖಾತ್ರಿಯಾಗುವ ತನಕ ಗುಜರಿಗೂ ಹಾಕಬೇಡಿ.