ಆಸ್ಟ್ರಿಯಾದ ಕಾಡಲ್ಲಿ ನಡೆಯೋಕೆ ಹೋಗ್ತಿದ್ದೇವೆ, ಉಣುಗಿನ ಲಸಿಕೆ ಬೇಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಜೂನ್‌ನಲ್ಲಿ ನಾನು, ಯಜಮಾನ್ರು, ಆರು ವರ್ಷದ ಮಗ ಆಸ್ಟ್ರಿಯಾಕ್ಕೆ ಹೋಗುತ್ತಿದ್ದೇವೆ. ಮೊದಲು ವಿಯೆನ್ನಾ, ಆಮೇಲೆ ಪೂರ್ತಿ ಕಾಡಂಚಿನ ಹಳ್ಳಿಯಲ್ಲಿ ಇದ್ದು ನಡೆಯೋದು. ಹೊರಡೋಕೆ ಐದು ವಾರ ಇದೆ. ಅಲ್ಲಿರುವ ಗೆಳತಿ, ಉಣುಗಿನಿಂದ ಬರುವ ಟಿಬಿಇ ಅನ್ನೋ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡೇ ಬನ್ನಿ ಅಂತಾಳೆ. ಇವರು ಮಾತ್ರ, ದಿನಾ ಸಂಜೆ ಮೈ ನೋಡಿಕೊಂಡು ಉಣುಗು ಕಿತ್ತರೆ ಸಾಕು, ಸುಮ್ನೆ ಯಾಕೆ ಸೂಜಿ ಅಂತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಗೆಳತಿಯ ಮಾತು ಸರಿ ಮೇಡಂ. ಯಜಮಾನ್ರು ಹೇಳಿದ್ದು ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆ, ಲೈಮ್‌ಗೆ ಒಪ್ಪುತ್ತದೆ. ಅದು ದಾಟಿ ಬರೋಕೆ ಸಾಮಾನ್ಯವಾಗಿ ಉಣುಗು ಒಂದು ದಿನದಷ್ಟಾದರೂ ಕಚ್ಚಿಕೊಂಡಿರಬೇಕು, ಬೇಗ ಕಿತ್ತರೆ ಬಚಾವ್. ಟಿಬಿಇ ಅಂದರೆ ಟಿಕ್-ಬೋರ್ನ್ ಎನ್ಸೆಫಲೈಟಿಸ್, ಉಣುಗಿನಿಂದ ಬರುವ ಮಿದುಳಿನ ಉರಿಯೂತ. ಅದು ಹಾಗಲ್ಲ, ಅದರ ವೈರಸ್ ಉಣುಗಿನ ಜೊಲ್ಲಿನಲ್ಲೇ ಇರುತ್ತದೆ, ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಗೆ ಸೇರಬಹುದು. ನೀವು ಸಂಜೆ ನೋಡುವ ಹೊತ್ತಿಗೆ ಆಗೋದು ಆಗಿ ಹೋಗಿರುತ್ತದೆ.

ಹಾಗಂತ ಗಾಬರಿ ಬೇಡ. ಹೆಚ್ಚಿನ ಉಣುಗುಗಳಲ್ಲಿ ಈ ವೈರಸ್ ಇರುವುದೇ ಇಲ್ಲ, ಸೋಂಕು ತಗುಲಿದವರಲ್ಲೂ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಆದರೆ ಮಿದುಳಿಗೆ ಏರಿದರೆ ಅದನ್ನು ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬಹುದು ಅಷ್ಟೇ. ಬದುಕಿದವರಲ್ಲೂ ಕೆಲವರಿಗೆ ತಲೆನೋವು, ಮರೆವು, ಕೈಕಾಲಿನ ಸೋಲು ತಿಂಗಳುಗಟ್ಟಲೆ ಕಾಡುತ್ತದೆ. ಅದಕ್ಕೇ ನಾನು ಲಸಿಕೆ ಅಂತ ಇಷ್ಟು ಒತ್ತಿ ಹೇಳೋದು. ವಿಯೆನ್ನಾದ ಬೀದಿ, ಮ್ಯೂಸಿಯಂ ನೋಡಿಕೊಂಡು ಬರುವುದಾಗಿದ್ದರೆ ಬೇಡ ಅನ್ನುತ್ತಿದ್ದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅಲ್ಲಿ ಉಣುಗಿನ ಕಾಲ, ನೀವು ಹೋಗುತ್ತಿರುವುದು ಅದರ ನಡುವಿಗೆ, ಅದೂ ಕಾಡಿಗೆ.

ಐದು ವಾರ ಸಾಕು, ಆದರೆ ಈ ವಾರವೇ ಶುರು ಮಾಡಿ. ಪೂರ್ತಿ ಕೋರ್ಸ್ ಮೂರು ಡೋಸ್. ಎರಡು ಬ್ರ್ಯಾಂಡ್ ಇವೆ. ಎಫ್‌ಎಸ್‌ಎಂಇ-ಇಮ್ಯೂನ್ ಆದರೆ ಅವಸರಕ್ಕೆ ಎರಡನೆಯದನ್ನು 14 ದಿನಕ್ಕೇ ಹಾಕಬಹುದು. ಎನ್ಸೆಪುರ್ ಆದರೆ 0, 7, 21ನೇ ದಿನ. ಎಫ್‌ಎಸ್‌ಎಂಇ-ಇಮ್ಯೂನ್‌ನಲ್ಲಿ ಎರಡು ಡೋಸ್ ಆಗಿ ಎರಡು ವಾರ ಕಳೆದರೆ ಆ ಸೀಸನ್‌ಗೆ ಒಳ್ಳೆಯ ರಕ್ಷಣೆ ಸಿಗುತ್ತದೆ. ಮಗನಿಗೂ ಹಾಕಿಸಿ, ಒಂದು ವರ್ಷ ದಾಟಿದ ಮಕ್ಕಳಿಗೆ ಬೇರೆ ಡೋಸ್ ಬರುತ್ತದೆ. ಈ ಲಸಿಕೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಹಾಗಾಗಿ ಮೊದಲು ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿಕೊಳ್ಳಿ. ಅಲ್ಲಿಗೆ ಹೋಗಿ ಇಳಿದ ಮೇಲೆ ಹಾಕಿಸಿದರೆ ಈ ಪ್ರವಾಸಕ್ಕೆ ಉಪಯೋಗಕ್ಕೆ ಬರುವುದು ಕಷ್ಟ.

ಪ್ರಶ್ನೆ: ಲಸಿಕೆ ಆದ ಮೇಲೆ ಕಾಡಲ್ಲಿ ಆರಾಮಾಗಿ ಇರಬಹುದು ಅಲ್ವಾ?

ಉತ್ತರ: ಇಲ್ಲ ಮೇಡಂ, ಲೈಮ್‌ಗೆ ಇದು ಏನೂ ಮಾಡುವುದಿಲ್ಲ. ಉಣುಗು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರುತ್ತದೆ, ನೀವು ತಾಗಿಕೊಂಡು ಹೋದರೆ ಹಿಡಿದುಕೊಳ್ಳುತ್ತದೆ. ಅದಕ್ಕೇ ದಾರಿಯ ನಡುವೆ ನಡೀರಿ. ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ತುದಿ ಸಾಕ್ಸ್ ಒಳಗೆ. ಚರ್ಮಕ್ಕೆ ಡೀಟ್ ಅಥವಾ ಪಿಕಾರಿಡಿನ್ ಇರುವ, ಉಣುಗು ಓಡಿಸುವ ಔಷಧಿ ಹಚ್ಚಿ. ಪರ್ಮೆತ್ರಿನ್ ಅನ್ನೋ ಕೀಟನಾಶಕ ಬಟ್ಟೆಗೆ ಮಾತ್ರ.

ಸಂಜೆ ಮೈ ನೋಡುವುದನ್ನೂ ಬಿಡಬೇಡಿ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿ, ಮಗನಿಗಾದರೆ ಕಿವಿಯ ಹಿಂದೆ, ಕೂದಲ ಬುಡದಲ್ಲೂ. ಸಿಕ್ಕರೆ ಚೂಪು ಚಿಮ್ಮಟದಿಂದ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿದು, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಬಿಡುವುದು, ಬೆಂಕಿ ತಾಗಿಸುವುದು, ಹೊಟ್ಟೆ ಹಿಚುಕುವುದು ಯಾವುದೂ ಬೇಡ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಹಸಿ ಹಾಲಿನಿಂದಲೂ ಟಿಬಿಇ ಬರುತ್ತದೆ. 2020ರಲ್ಲಿ ಫ್ರಾನ್ಸ್‌ನಲ್ಲಿ ಹಸಿ ಮೇಕೆ ಹಾಲಿನ ಚೀಸ್ ತಿಂದು 40ಕ್ಕೂ ಹೆಚ್ಚು ಜನರಿಗೆ ಬಂತು. ಬೆಟ್ಟದ ಮೇಲಿನ ಫಾರ್ಮ್‌ನಲ್ಲಿ ಪ್ರೀತಿಯಿಂದ ಕೊಟ್ಟರೂ, ಕಾಯಿಸಿದ್ದಾ, ಪಾಶ್ಚರೀಕರಿಸಿದ್ದಾ ಅಂತ ಕೇಳಿ.

ಪ್ರಶ್ನೆ (ಬೇರೆಯವರು): ಸರ್, ನನ್ನ ಮಗಳು ಲಿಥುವೇನಿಯಾದಲ್ಲಿ ಓದೋಕೆ ಹೋಗುತ್ತಾಳೆ. ಅವಳಿಗೆ?

ಉತ್ತರ: ಖಂಡಿತ ಹಾಕಿಸಿ. ಬಾಲ್ಟಿಕ್ ದೇಶಗಳಲ್ಲಿ ಇದು ಜಾಸ್ತಿ. ಅವಳು ವರ್ಷಗಟ್ಟಲೆ ಇರುವವಳು, ಮೂರೂ ಡೋಸ್ ಮುಗಿಸಲಿ, ಮೂರು ವರ್ಷಕ್ಕೆ ಬೂಸ್ಟರ್. ಮೊಟ್ಟೆಯಿಂದ ಜೋರಾದ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ಲಸಿಕೆ ತಯಾರಾಗುವುದು ಕೋಳಿ ಭ್ರೂಣದ ಕೋಶಗಳಲ್ಲಿ.

ಪ್ರಶ್ನೆ: ವಾಪಸ್ ಬಂದ ಮೇಲೆ ಜ್ವರ ಬಂದರೆ?

ಉತ್ತರ: ಟಿಬಿಇ ತಗುಲಿದ್ದರೆ, ಕಚ್ಚಿ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಜ್ವರ, ಮೈಕೈ ನೋವು ಬರುತ್ತದೆ. ಬಿಟ್ಟೂ ಹೋಗುತ್ತದೆ. ಒಂದು ವಾರ ಚೆನ್ನಾಗಿದ್ದು, ಆಮೇಲೆ ಮತ್ತೆ ಜ್ವರ ಏರಿ ಜೋರು ತಲೆನೋವು, ಕತ್ತು ಬಿಗಿತ, ಗಲಿಬಿಲಿ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಲ್ಲಿಗೆ ಹೋಗಿದ್ದಿರಿ, ಯಾವಾಗ ಉಣುಗು ಕಚ್ಚಿತು ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ, ಕೇಳುವವರೆಗೆ ಕಾಯಬೇಡಿ.